‘ಅಲ್ಲಿ’ಗೆ ಮೂರು, ‘ಇಂದ’ಕ್ಕೆ ಆರು: ಇಂಗ್ಲಿಷ್ ಪ್ರೆಪೊಸಿಷನ್ ಕುರಿತು ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣವನ್ನು ಪೂರ್ತಿಯಾಗಿ ಪ್ರೆಪೊಸಿಷನ್‌ಗಳಿಗೇ ಬಿಟ್ಟುಕೊಟ್ಟಿದ್ದೇವೆ. ಪ್ರಶ್ನೆಗಳೆಲ್ಲ ಬೇರೆ ಬೇರೆಯಾಗಿ ಕಂಡರೂ ಹೆಚ್ಚಿನವುಗಳ ಬೇರು ಒಂದೇ. ಕನ್ನಡದಲ್ಲಿ ನಾಮಪದದ ಬಾಲಕ್ಕೆ ವಿಭಕ್ತಿ ಪ್ರತ್ಯಯ ಅಂಟುತ್ತದೆ. ಇಂಗ್ಲಿಷ್‌ನಲ್ಲಿ ನಾಮಪದದ ಮುಂದೆ ಒಂದು ಪುಟ್ಟ ಪದ ಬಂದು ನಿಲ್ಲುತ್ತದೆ. ನಾವು ಬಾಲವನ್ನು ಕಿತ್ತು ಮುಂದಕ್ಕೆ ಇಟ್ಟರೆ ಸಾಕು ಅಂದುಕೊಳ್ಳುತ್ತೇವೆ, ತಪ್ಪುವುದು ಅಲ್ಲೇ. ಉದಾಹರಣೆಯ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ, ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ಸಲೀಸಾಗುತ್ತದೆ.

ಪ್ರಶ್ನೆ: ಕೋಣೆಯಲ್ಲಿ, ಗೋಡೆಯಲ್ಲಿ, ಬಾಗಿಲಲ್ಲಿ – ಕನ್ನಡದಲ್ಲಿ ಎಲ್ಲದಕ್ಕೂ ‘ಅಲ್ಲಿ’. ಇಂಗ್ಲಿಷ್‌ನಲ್ಲಿ ‘ಇನ್’, ‘ಆನ್’, ‘ಅಟ್’ ಎಂದು ಮೂರು ಯಾಕೆ? ಆರಿಸುವುದು ಹೇಗೆ?

ಜಾಗವನ್ನು ನೀವು ಹೇಗೆ ನೋಡುತ್ತಿದ್ದೀರಿ ಎಂಬುದನ್ನು ಇಂಗ್ಲಿಷ್ ಕೇಳುತ್ತದೆ. ಸುತ್ತುವರಿದ ಜಾಗವಾಗಿ ನೋಡಿದರೆ ‘ಇನ್’, ಮೇಲ್ಮೈಯಾಗಿ ನೋಡಿದರೆ ‘ಆನ್’, ನಕ್ಷೆಯಲ್ಲಿಟ್ಟ ಚುಕ್ಕಿಯಾಗಿ ನೋಡಿದರೆ ‘ಅಟ್’. ಹಾಗಾಗಿ ‘ಇನ್ ದ ರೂಮ್’, ‘ಆನ್ ದ ವಾಲ್’, ‘ಅಟ್ ದ ಡೋರ್’. ಒಂದೇ ಜಾಗವನ್ನು ಎರಡು ಬಗೆಯಲ್ಲಿ ನೋಡಲೂ ಬಹುದು. ‘ಶಿ ಈಸ್ ಅಟ್ ದ ಹಾಸ್ಪಿಟಲ್’ ಎಂದರೆ ಆಕೆ ಈಗ ಆ ಜಾಗದಲ್ಲಿದ್ದಾಳೆ ಎಂದಷ್ಟೇ, ಕೆಲಸಕ್ಕೆ ಹೋಗಿರಬಹುದು, ಯಾರನ್ನೋ ನೋಡಲು ಹೋಗಿರಬಹುದು. ‘ಶಿ ಈಸ್ ಇನ್ ಹಾಸ್ಪಿಟಲ್’ ಎಂದರೆ ದಾಖಲಾಗಿದ್ದಾಳೆ. ಇದು ಬ್ರಿಟಿಷ್ ರೂಢಿ. ಅಮೆರಿಕದವರು ಇದೇ ಅರ್ಥಕ್ಕೆ ‘ಇನ್ ದ ಹಾಸ್ಪಿಟಲ್’ ಎನ್ನುತ್ತಾರೆ. ಒಂದು ಪುಟ್ಟ ಪದ ತಪ್ಪಿದರೆ ಪತ್ರ ಓದಿದವರು ಗಾಬರಿಯಾಗಬಹುದು.

ಬರವಣಿಗೆಗೆ ಸಂಬಂಧಿಸಿದ ಜಾಗಗಳಲ್ಲಿ ಗೊಂದಲ ಹೆಚ್ಚು. ಪುಟ, ಪಟ್ಟಿ, ಪರದೆ, ವೆಬ್‌ಸೈಟ್, ಫೋನ್, ನಕ್ಷೆ – ಇವಕ್ಕೆಲ್ಲ ‘ಆನ್’: ‘ಆನ್ ಪೇಜ್ 12’, ‘ಆನ್ ದ ಲಿಸ್ಟ್’, ‘ಆನ್ ದ ವೆಬ್‌ಸೈಟ್’. ಪ್ಯಾರಾ, ಸಾಲು, ಕೋಷ್ಟಕ, ಇಮೇಲ್, ಫೋಟೊ, ಪತ್ರಿಕೆ – ಇವಕ್ಕೆ ‘ಇನ್’: ‘ಇನ್ ದ ಸೆಕೆಂಡ್ ಪ್ಯಾರಾಗ್ರಾಫ್’, ‘ಇನ್ ಯುವರ್ ಇಮೇಲ್’. ಹಾಗಾಗಿ ಒಂದೇ ವಾಕ್ಯದಲ್ಲಿ ಎರಡೂ ಬರಬಹುದು: ‘ಇನ್ ದ ಟೇಬಲ್ ಆನ್ ಪೇಜ್ 12’. ವಿಳಾಸ, ಇಮೇಲ್ ಐಡಿ, ಫೋನ್ ನಂಬರ್ ಚುಕ್ಕಿಯಿದ್ದಂತೆ, ಅವಕ್ಕೆ ‘ಅಟ್’: ‘ರೈಟ್ ಟು ಮಿ ಅಟ್ ದಿಸ್ ಅಡ್ರೆಸ್’.

ವಾಹನದ ವಿಚಾರಕ್ಕೆ ಒಂದು ಉಪಾಯವಿದೆ. ಒಳಗೆ ಎದ್ದು ನಿಂತು ನಡೆಯಬಹುದಾದರೆ ‘ಆನ್’: ‘ಆನ್ ದ ಬಸ್’, ‘ಆನ್ ದ ಟ್ರೇನ್’, ‘ಆನ್ ದ ಪ್ಲೇನ್’. ಬಗ್ಗಿ ಒಳಹೊಕ್ಕು ಕೂರಬೇಕಾದರೆ ‘ಇನ್’: ‘ಇನ್ ದ ಕಾರ್’, ‘ಇನ್ ಎ ಟ್ಯಾಕ್ಸಿ’. ಸೈಕಲ್, ಮೋಟಾರ್ ಸೈಕಲ್ ಮೇಲೆ ಕೂರುತ್ತೇವೆ, ಆದ್ದರಿಂದ ‘ಆನ್’.

ಕಾಲಕ್ಕೂ ಇದೇ ಮೂರು. ಗಂಟೆಗೆ ‘ಅಟ್’, ದಿನ ಅಥವಾ ತಾರೀಕಿಗೆ ‘ಆನ್’, ತಿಂಗಳು, ವರ್ಷ, ಋತುವಿಗೆ ‘ಇನ್’. ಬೆಳಗ್ಗೆಗೆ ‘ಇನ್ ದ ಮಾರ್ನಿಂಗ್’. ಆದರೆ ಅದಕ್ಕೆ ವಾರದ ಹೆಸರು ಸೇರಿತೋ, ದಿನವೇ ಯಜಮಾನ: ‘ಆನ್ ಮಂಡೇ ಮಾರ್ನಿಂಗ್’. ರಾತ್ರಿಗೆ ‘ಅಟ್ ನೈಟ್’, ಇದನ್ನು ಹಾಗೇ ಬಾಯಿಪಾಠ ಮಾಡಿ. ವಾರಾಂತ್ಯಕ್ಕೆ ಬ್ರಿಟಿಷರು ‘ಅಟ್ ದ ವೀಕೆಂಡ್’, ಅಮೆರಿಕನ್ನರು ‘ಆನ್ ದ ವೀಕೆಂಡ್’. ಯಾವುದಾದರೂ ಸರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದು ಅರ್ಜಿಯಲ್ಲಿ ಬರೆದಿದ್ದೆ. ತಪ್ಪು ಎಂದರು. ಯಾವ ಪದ ತಪ್ಪು?

ಎರಡು ತಪ್ಪುಗಳಿವೆ, ಎರಡೂ ಒಟ್ಟಿಗೆ ಬರುವಂಥವು.

ಮೊದಲನೆಯದು ‘ಸಿನ್ಸ್’. ಕನ್ನಡದಲ್ಲಿ ‘2019ರಿಂದ’ ಎಂದರೂ ‘ಇಂದ’, ‘ಐದು ವರ್ಷಗಳಿಂದ’ ಎಂದರೂ ‘ಇಂದ’. ಆದರೆ 2019 ಎಂಬುದು ಶುರುವಾದ ಜಾಗ, ಐದು ವರ್ಷ ಎಂಬುದು ಉದ್ದ. ಶುರುವಾದ ಜಾಗಕ್ಕೆ ‘ಸಿನ್ಸ್’, ಉದ್ದಕ್ಕೆ ‘ಫಾರ್’. ಬರೆಯುವ ಮುಂಚೆ ಕೇಳಿಕೊಳ್ಳಿ: ಇದು ‘ಯಾವಾಗಿನಿಂದ?’ ಎಂಬುದಕ್ಕೆ ಉತ್ತರವೋ, ‘ಎಷ್ಟು ಕಾಲ?’ ಎಂಬುದಕ್ಕೆ ಉತ್ತರವೋ? ಸೋಮವಾರ, ಬಾಲ್ಯ, ಕೆಲಸಕ್ಕೆ ಸೇರಿದ ದಿನ – ಇವು ಮೊದಲಿನ ಗುಂಪು. ಎರಡು ಗಂಟೆ, ಮೂರು ವಾರ, ಬಹಳ ಕಾಲ – ಇವು ಎರಡನೆಯದು.

ಎರಡನೆಯ ತಪ್ಪು ಕ್ರಿಯಾಪದದಲ್ಲಿದೆ. ‘ಕೆಲಸ ಮಾಡುತ್ತಿದ್ದೇನೆ’ ಎಂಬುದನ್ನು ‘ಆಮ್ ವರ್ಕಿಂಗ್’ ಎಂದು ಇಳಿಸಿದ್ದೀರಿ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸವನ್ನು ಕಾಲದ ಉದ್ದ ಹೇಳಿ ಬರೆಯುವಾಗ ಇಂಗ್ಲಿಷ್‌ಗೆ ‘ಹ್ಯಾವ್ ಬೀನ್’ ಬೇಕು. ಆದ್ದರಿಂದ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’, ಅಥವಾ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2019’. ‘ನೋ’ (ಅಂದರೆ ತಿಳಿದಿರು) ಎಂಬಂಥ ಕ್ರಿಯಾಪದಗಳಿಗೆ ‘ಇಂಗ್’ ಹಿಡಿಸುವುದಿಲ್ಲ: ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’.

ಅರ್ಜಿ ಬರೆಯುವವರು ಇನ್ನೊಂದನ್ನೂ ಗಮನಿಸಬೇಕು. ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಎಂದರೆ ಕೆಲಸ ಬಿಟ್ಟಾಗಿದೆ ಎಂದೇ ಅರ್ಥ. ‘ಫಾರ್’ ಎರಡೂ ಕಡೆ ಒಂದೇ, ಈಗಲೂ ಅಲ್ಲಿದ್ದೀರೋ ಇಲ್ಲವೋ ಎಂಬುದನ್ನು ಕ್ರಿಯಾಪದ ಹೇಳಿಬಿಡುತ್ತದೆ. ಶುರು, ಕೊನೆ ಎರಡನ್ನೂ ಹೇಳುವುದಾದರೆ ‘ಫ್ರಮ್ 2019 ಟು 2022’. ‘ಸಿನ್ಸ್’ ಜೊತೆಗೆ ಕೊನೆಯ ವರ್ಷ ಬರುವಂತಿಲ್ಲ.

ಪ್ರಶ್ನೆ: ‘ಶುಕ್ರವಾರದ ಒಳಗೆ ಕಳಿಸಿ’ ಎನ್ನಲು ‘ವಿದಿನ್ ಫ್ರೈಡೇ’ ಎನ್ನಬಹುದೇ? ‘ಬೈ’, ‘ಬಿಫೋರ್’, ‘ಅನ್‌ಟಿಲ್’ ಕೂಡ ಓದಿದ್ದೇನೆ.

‘ವಿದಿನ್ ಫ್ರೈಡೇ’ ಆಗದು. ‘ವಿದಿನ್’ ಪಕ್ಕದಲ್ಲಿ ಅಳೆಯಬಹುದಾದ ಅವಧಿ ಇರಬೇಕು: ‘ವಿದಿನ್ ತ್ರೀ ಡೇಸ್’, ‘ವಿದಿನ್ ಎ ವೀಕ್’. ಗಡುವಿನ ದಿನಕ್ಕೆ ‘ಬೈ’: ‘ಪ್ಲೀಸ್ ಸೆಂಡ್ ಇಟ್ ಬೈ ಫ್ರೈಡೇ’. ಇಲ್ಲಿ ಶುಕ್ರವಾರವೂ ಲೆಕ್ಕಕ್ಕೆ ಸೇರುತ್ತದೆ ಎಂದೇ ಸಾಮಾನ್ಯವಾಗಿ ಓದುತ್ತಾರೆ. ‘ಬಿಫೋರ್ ಫ್ರೈಡೇ’ ಎಂದರೆ ಗುರುವಾರಕ್ಕೇ ಮುಗಿಯಬೇಕು. ಜಗಳಕ್ಕೆ ಎಡೆಯಿರಬಾರದು ಎಂದಾದರೆ ಗಂಟೆ ಸೇರಿಸಿ: ‘ಬೈ 5 ಪಿ.ಎಂ. ಆನ್ ಫ್ರೈಡೇ’. ಟೆಂಡರು, ಕರಾರು, ಶಾಲೆಯ ಪ್ರಾಜೆಕ್ಟು ಯಾವುದೇ ಇರಲಿ, ಈ ಒಂದು ಸೇರ್ಪಡೆ ಬಹಳ ಪತ್ರವ್ಯವಹಾರ ಉಳಿಸುತ್ತದೆ.

‘ಅನ್‌ಟಿಲ್’ ಬೇರೆಯೇ. ಅದು ನಡೆಯುತ್ತಲೇ ಇರುವ ಕೆಲಸಕ್ಕೆ ಕೊನೆ ಹಾಕುತ್ತದೆ. ಕ್ರಿಯಾಪದವನ್ನು ನೋಡಿ: ಒಮ್ಮೆ ಆಗಿ ಮುಗಿಯುವುದಾದರೆ, ಅಂದರೆ ಕಳಿಸು, ಸಲ್ಲಿಸು, ಮುಗಿಸು, ತಲುಪು ಎಂಬಂಥದ್ದಾದರೆ ‘ಬೈ’. ಎಳೆದುಕೊಂಡು ಹೋಗುವುದಾದರೆ, ಅಂದರೆ ಕಾಯು, ಇರು, ತೆರೆದಿರು ಎಂಬಂಥದ್ದಾದರೆ ‘ಅನ್‌ಟಿಲ್’. ‘ದ ಆಫೀಸ್ ಈಸ್ ಓಪನ್ ಅನ್‌ಟಿಲ್ ಸಿಕ್ಸ್’ ಸರಿ. ‘ಸಬ್ಮಿಟ್ ದ ಫಾರ್ಮ್ ಅನ್‌ಟಿಲ್ ಫ್ರೈಡೇ’ ಎಂದರೆ ಶುಕ್ರವಾರದ ತನಕ ಸಲ್ಲಿಸುತ್ತಲೇ ಇರಿ ಎಂದಾಗುತ್ತದೆ. ‘ನಾಟ್’ ಬಂದರೆ ಚಿತ್ರ ತಿರುಗುತ್ತದೆ: ‘ಐ ಕೆನಾಟ್ ಸೆಂಡ್ ಇಟ್ ಅನ್‌ಟಿಲ್ ಫ್ರೈಡೇ’ ಎಂದರೆ ಅಲ್ಲಿಯ ತನಕ ಆಗದು, ಶುಕ್ರವಾರ ಕಳಿಸಬಲ್ಲೆ.

ಇನ್ನೊಂದು ಬಲೆ ‘ಇನ್ ತ್ರೀ ಡೇಸ್’. ಮೂರು ದಿನದೊಳಗೆ ಎಂಬ ಅರ್ಥದಲ್ಲಿ ನಮ್ಮವರು ಬರೆಯುತ್ತಾರೆ. ‘ಐ ವಿಲ್ ರಿಪ್ಲೈ ಇನ್ ತ್ರೀ ಡೇಸ್’ ಎಂಬುದನ್ನು ಓದುವವರು ಮೂರು ದಿನ ಕಳೆದ ಮೇಲೆ ಎಂದು ತಿಳಿಯುತ್ತಾರೆ. ಒಳಗೆ ಎಂದೇ ಹೇಳಬೇಕಿದ್ದರೆ ‘ವಿದಿನ್’ ಬರೆಯಿರಿ.

ಪ್ರಶ್ನೆ: ‘ಡಿಸ್ಕಸ್ ಅಬೌಟ್’ ತಪ್ಪಾದರೆ ‘ಡಿಸ್ಕಷನ್ ಅಬೌಟ್’ ಹೇಗೆ ಸರಿ?

ಬಹಳ ಒಳ್ಳೆಯ ಪ್ರಶ್ನೆ. ಇದು ಬಿಡಿಸಿಕೊಂಡರೆ ಹತ್ತಾರು ತಪ್ಪುಗಳು ಒಟ್ಟಿಗೆ ಉದುರುತ್ತವೆ.

ಕನ್ನಡದಲ್ಲಿ ‘ವಿಷಯದ ಬಗ್ಗೆ ಚರ್ಚಿಸು’ ಎನ್ನುತ್ತೇವೆ. ‘ಡಿಸ್ಕಸ್’ ಎಂಬ ಕ್ರಿಯಾಪದ ಆ ‘ಬಗ್ಗೆ’ಯನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿದೆ. ಅದು ನೇರವಾಗಿ ಕರ್ಮವನ್ನು ಹಿಡಿಯುತ್ತದೆ: ‘ಲೆಟ್ ಅಸ್ ಡಿಸ್ಕಸ್ ದ ಪ್ಲಾನ್’. ಅದೇ ಪದ ನಾಮಪದವಾದರೆ ಕರ್ಮವನ್ನು ಹಿಡಿಯುವ ಶಕ್ತಿ ಹೋಗುತ್ತದೆ, ಇಂಗ್ಲಿಷ್‌ನಲ್ಲಿ ನಾಮಪದ ಇನ್ನೊಂದು ನಾಮಪದವನ್ನು ಹಿಡಿಯಬೇಕಾದರೆ ನಡುವೆ ಕೊಂಡಿ ಬೇಕು. ಆದ್ದರಿಂದ ‘ಎ ಡಿಸ್ಕಷನ್ ಅಬೌಟ್ ದ ಪ್ಲಾನ್’.

ಇದೇ ದಾರಿಯಲ್ಲಿ ನಡೆಯುವ ಜೋಡಿಗಳು: ಕ್ರಿಯಾಪದವಾದಾಗ ‘ರಿಕ್ವೆಸ್ಟ್ ಎ ಕಾಪಿ’, ನಾಮಪದವಾದಾಗ ‘ಎ ರಿಕ್ವೆಸ್ಟ್ ಫಾರ್ ಎ ಕಾಪಿ’. ‘ಆರ್ಡರ್ ತ್ರೀ ಚೇರ್ಸ್’, ಆದರೆ ‘ಆ್ಯನ್ ಆರ್ಡರ್ ಫಾರ್ ತ್ರೀ ಚೇರ್ಸ್’. ‘ಎಂಫಸೈಸ್ ದ ಪಾಯಿಂಟ್’, ಆದರೆ ‘ಎಂಫಸಿಸ್ ಆನ್ ದ ಪಾಯಿಂಟ್’. ‘ವಿ ಲ್ಯಾಕ್ ಸ್ಟಾಫ್’, ಆದರೆ ‘ಎ ಲ್ಯಾಕ್ ಆಫ್ ಸ್ಟಾಫ್’. ‘ಆನ್ಸರ್ ದ ಲೆಟರ್’, ಆದರೆ ‘ಆ್ಯನ್ ಆನ್ಸರ್ ಟು ದ ಲೆಟರ್’. ‘ಅಫೆಕ್ಟ್ ದ ರಿಸಲ್ಟ್’, ಆದರೆ ‘ಆ್ಯನ್ ಎಫೆಕ್ಟ್ ಆನ್ ದ ರಿಸಲ್ಟ್’. ‘ಲ್ಯಾಕ್’ ಮುಂತಾದ ಕಡೆ ಪದದ ರೂಪ ಬದಲಾಗುವುದೇ ಇಲ್ಲ, ಅಲ್ಲಿ ಹೆಚ್ಚು ಎಚ್ಚರ ಬೇಕು. ಮುಂದೆ ‘ಎ’ ಅಥವಾ ‘ದ’ ಇದೆಯೇ ನೋಡಿ. ಇದ್ದರೆ ಅದು ನಾಮಪದ, ಕೊಂಡಿ ಬೇಕು.

ಏನೂ ಬೇಡದ ಇನ್ನಷ್ಟು ಕ್ರಿಯಾಪದಗಳು: ಮೆನ್ಷನ್, ರೀಚ್, ಕಾಂಟ್ಯಾಕ್ಟ್, ಅವೇಟ್, ರಿಸೆಂಬಲ್, ಮ್ಯಾರಿ, ಜಾಯಿನ್. ‘ಅವೇಟ್’ಗೆ ‘ಫಾರ್’ ಬೇಡ, ‘ವೇಟ್’ಗೆ ಬೇಕು. ‘ಕಂಪ್ರೈಸ್’ಗೆ ‘ಆಫ್’ ಬೇಡ, ‘ಕನ್‌ಸಿಸ್ಟ್’ಗೆ ಬೇಕು. ‘ಎಂಟರ್ ದ ರೂಮ್’ ಸರಿ, ಆದರೆ ಒಪ್ಪಂದಕ್ಕೆ ಮಾತ್ರ ‘ಎಂಟರ್ ಇನ್‌ಟು ಆ್ಯನ್ ಅಗ್ರೀಮೆಂಟ್’. ‘ಅಟೆಂಡ್ ದ ಮೀಟಿಂಗ್’ ಎಂದರೆ ಸಭೆಯಲ್ಲಿ ಹಾಜರಿರುವುದು, ‘ಅಟೆಂಡ್ ಟು ದ ಕಸ್ಟಮರ್’ ಎಂದರೆ ಗ್ರಾಹಕರನ್ನು ವಿಚಾರಿಸಿಕೊಳ್ಳುವುದು. ‘ಕೋಪ್ ಅಪ್ ವಿತ್’ ಎಂಬ ಪ್ರಯೋಗ ಎಲ್ಲೆಡೆ ಕೇಳಿಬಂದರೂ ಸರಿಯಾದದ್ದು ‘ಕೋಪ್ ವಿತ್’.

ಪ್ರಶ್ನೆ: ‘ಎಕ್ಸ್‌ಪ್ಲೇನ್ ಮಿ’ ತಪ್ಪು, ‘ಟೆಲ್ ಮಿ’ ಸರಿ. ಕನ್ನಡದಲ್ಲಿ ಎರಡಕ್ಕೂ ‘ನನಗೆ’ ತಾನೇ?

ಹೌದು, ‘ಗೆ’ ಎರಡು ಕಡೆಯೂ ಇದೆ, ಆದರೆ ಕ್ರಿಯಾಪದಗಳ ಸ್ವಭಾವ ಬೇರೆ. ‘ಟೆಲ್’, ‘ಗಿವ್’, ‘ಶೋ’, ‘ಸೆಂಡ್’, ‘ಟೀಚ್’ ವ್ಯಕ್ತಿಯನ್ನು ನೇರವಾಗಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತವೆ. ‘ಎಕ್ಸ್‌ಪ್ಲೇನ್’, ‘ಸಜೆಸ್ಟ್’, ‘ಡಿಸ್ಕ್ರೈಬ್’, ‘ಸೇ’, ‘ರಿಪ್ಲೈ’ಗಳಿಗೆ ವ್ಯಕ್ತಿಯ ಮುಂದೆ ‘ಟು’ ಬೇಕೇಬೇಕು: ‘ಎಕ್ಸ್‌ಪ್ಲೇನ್ ಇಟ್ ಟು ಮಿ’, ‘ರಿಪ್ಲೈ ಟು ಮಿ’. ‘ಇನ್ಫಾರ್ಮ್’ ಇದಕ್ಕೆ ತಿರುಗುಮುರುಗು: ವ್ಯಕ್ತಿಗೆ ಏನೂ ಬೇಡ, ವಿಷಯಕ್ಕೆ ‘ಆಫ್’ ಅಥವಾ ‘ಅಬೌಟ್’ ಬೇಕು: ‘ಪ್ಲೀಸ್ ಇನ್ಫಾರ್ಮ್ ಹಿಮ್ ಆಫ್ ದ ಚೇಂಜ್’. ‘ಇನ್ಫಾರ್ಮ್ ಟು ಹಿಮ್’ ಎಂಬುದು ಕಚೇರಿ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ಪ್ರಶ್ನೆ: ‘ಲುಕ್ ಫಾರ್ವರ್ಡ್ ಟು ಹಿಯರ್’ ಯಾಕೆ ಸರಿಯಲ್ಲ? ‘ಟು’ ಆದಮೇಲೆ ಕ್ರಿಯಾಪದದ ಮೂಲರೂಪ ಬರಬೇಕೆಂದು ಕಲಿತಿದ್ದೇವೆ.

ಇಂಗ್ಲಿಷ್‌ನಲ್ಲಿ ಎರಡು ‘ಟು’ ಇವೆ. ‘ಐ ವಾಂಟ್ ಟು ಹಿಯರ್’ ಎಂಬಲ್ಲಿರುವುದು ಕ್ರಿಯಾಪದದ ಗುರುತು. ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿರುವುದು ನಿಜವಾದ ಪ್ರೆಪೊಸಿಷನ್. ಪ್ರೆಪೊಸಿಷನ್ ಆದಮೇಲೆ ನಾಮಪದ ಬರಬೇಕು, ಕ್ರಿಯಾಪದವೇ ಬರುವುದಾದರೆ ‘ಇಂಗ್’ ಸೇರಿಸಿಕೊಂಡು ನಾಮಪದದ ವೇಷದಲ್ಲಿ ಬರಬೇಕು.

ಪರೀಕ್ಷೆ ಸುಲಭ: ‘ಟು’ ಆದಮೇಲೆ ‘ಇಟ್’ ಹಾಕಿ ನೋಡಿ. ‘ಐ ಲುಕ್ ಫಾರ್ವರ್ಡ್ ಟು ಇಟ್’ ನಿಲ್ಲುತ್ತದೆ, ಹಾಗಾಗಿ ‘ಹಿಯರಿಂಗ್’. ‘ಐ ವಾಂಟ್ ಟು ಇಟ್’ ನಿಲ್ಲುವುದಿಲ್ಲ, ಹಾಗಾಗಿ ‘ಹಿಯರ್’. ಈ ಪರೀಕ್ಷೆಯಲ್ಲಿ ಗೆಲ್ಲುವ ಇತರವು: ‘ಆಬ್ಜೆಕ್ಟ್ ಟು’, ‘ಬಿ ಕಮಿಟೆಡ್ ಟು’, ‘ಇನ್ ಅಡಿಷನ್ ಟು’, ‘ವಿತ್ ಎ ವ್ಯೂ ಟು’. ‘ಯೂಸ್ಡ್ ಟು’ ಮಾತ್ರ ಎರಡೂ ಕಡೆ ಕಾಲಿಟ್ಟಿದೆ. ‘ಐ ಯೂಸ್ಡ್ ಟು ರೈಟ್’ ಎಂದರೆ ಮುಂಚೆ ಬರೆಯುತ್ತಿದ್ದೆ, ಈಗಿಲ್ಲ. ‘ಐ ಆಮ್ ಯೂಸ್ಡ್ ಟು ರೈಟಿಂಗ್’ ಎಂದರೆ ಬರೆದು ಅಭ್ಯಾಸವಾಗಿದೆ.

ಉಳಿದ ಪ್ರೆಪೊಸಿಷನ್‌ಗಳಿಗೂ ಇದೇ ನಿಯಮ: ‘ಥ್ಯಾಂಕ್ ಯು ಫಾರ್ ಸೆಂಡಿಂಗ್’, ‘ಇಂಟರೆಸ್ಟೆಡ್ ಇನ್ ಲರ್ನಿಂಗ್’, ‘ಇನ್ಸಿಸ್ಟೆಡ್ ಆನ್ ಪೇಯಿಂಗ್’. ‘ಏಬಲ್ ಟು ಡು’ ಆದರೆ ‘ಕೇಪಬಲ್ ಆಫ್ ಡೂಯಿಂಗ್’ – ಅರ್ಥ ಹತ್ತಿರವಿದ್ದರೂ ಜೊತೆಗಾರರು ಬೇರೆ.

ಪ್ರಶ್ನೆ: ವರದಿಯಲ್ಲಿ ‘ಶೇ. 20ರಷ್ಟು ಏರಿಕೆ’ ಎಂದು ಬರೆಯುವಾಗ ‘ಬೈ’, ‘ಟು’, ‘ಆಫ್’, ‘ಇನ್’ – ಯಾವುದು?

ನಾಲ್ಕೂ ಬೇಕು, ಬೇರೆ ಬೇರೆ ಜಾಗಕ್ಕೆ. 100 ಇದ್ದದ್ದು 120 ಆಯಿತು ಎನ್ನಿ. ‘ಇಟ್ ರೋಸ್ ಫ್ರಮ್ 100 ಟು 120’, ‘ಇಟ್ ರೋಸ್ ಬೈ 20’. ಕನ್ನಡವೇ ಇಲ್ಲಿ ಕೈಹಿಡಿಯುತ್ತದೆ: ‘120ಕ್ಕೆ’ ಎಂದರೆ ‘ಟು’, ‘20ರಷ್ಟು’ ಎಂದರೆ ‘ಬೈ’. ನಾಮಪದವಾದರೆ ಎಷ್ಟು ಎಂಬುದಕ್ಕೆ ‘ಆಫ್’, ಯಾವುದರಲ್ಲಿ ಎಂಬುದಕ್ಕೆ ‘ಇನ್’: ‘ಆ್ಯನ್ ಇನ್‌ಕ್ರೀಸ್ ಆಫ್ 20 ಪರ್ಸೆಂಟ್ ಇನ್ ಸೇಲ್ಸ್’. ‘ಬೈ’ ಬರೆಯುವ ಕಡೆ ‘ಟು’ ಬರೆದರೆ ವ್ಯಾಕರಣ ಸರಿಯಾಗಿಯೇ ಕಾಣುತ್ತದೆ, ಲೆಕ್ಕ ಮಾತ್ರ ತಲೆಕೆಳಗಾಗುತ್ತದೆ. ಅದಕ್ಕೇ ಇದು ಅಪಾಯದ ತಪ್ಪು.

ಮೂಲ ಅಂಕಿಯೇ ಶೇಕಡಾವಾರು ಆಗಿದ್ದರೆ ಇನ್ನೂ ಒಂದು ಹೆಜ್ಜೆ ಎಚ್ಚರ ಬೇಕು. ದರ ಶೇ. 8ರಿಂದ ಶೇ. 10ಕ್ಕೆ ಏರಿದರೆ ಅದು ‘ಬೈ 2 ಪರ್ಸೆಂಟ್’ ಅಲ್ಲ, ‘ಬೈ 2 ಪರ್ಸೆಂಟೇಜ್ ಪಾಯಿಂಟ್ಸ್’. 8ರ ಮೇಲೆ 2 ಎಂದರೆ ಶೇ. 25ರಷ್ಟು ಏರಿಕೆ.

ಜೋಡಿಗಳನ್ನೂ ಒಡೆಯಬೇಡಿ. ‘ಬಿಟ್ವೀನ್’ಗೆ ‘ಆ್ಯಂಡ್’ ಜೊತೆ, ‘ಫ್ರಮ್’ಗೆ ‘ಟು’ ಜೊತೆ: ‘ಬಿಟ್ವೀನ್ 10 ಆ್ಯಂಡ್ 20’, ‘ಫ್ರಮ್ 10 ಟು 20’. ‘ಬಿಟ್ವೀನ್ 10 ಟು 20’ ಸಲ್ಲದು.

ಪ್ರಶ್ನೆ: ‘ಪೆನ್ಸಿಲ್‌ನಿಂದ ಬರೆದೆ’ – ‘ಬೈ ಪೆನ್ಸಿಲ್’, ‘ವಿತ್ ಪೆನ್ಸಿಲ್’, ‘ಇನ್ ಪೆನ್ಸಿಲ್’?

ಕೈಯಲ್ಲಿ ಹಿಡಿದ ಸಾಧನವಾಗಿ ಹೇಳಿದರೆ ‘ವಿತ್ ಎ ಪೆನ್ಸಿಲ್’, ಬರಹ ಯಾವುದರಲ್ಲಿದೆ ಎಂದು ಹೇಳಿದರೆ ‘ಇನ್ ಪೆನ್ಸಿಲ್’. ‘ಎ’ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ, ಗಮನಿಸಿ. ‘ಬೈ’ ಮಾಡಿದವರಿಗೆ ಮತ್ತು ವಿಧಾನಕ್ಕೆ: ‘ಸೈನ್ಡ್ ಬೈ ದ ಮ್ಯಾನೇಜರ್’, ‘ಬೈ ಇಮೇಲ್’, ‘ಬೈ ಹ್ಯಾಂಡ್’, ‘ಬೈ ಬಸ್’. ವಿಧಾನದ ‘ಬೈ’ ಆದಮೇಲೆ ‘ಎ’, ‘ದ’, ‘ಮೈ’ ಯಾವುದೂ ಬರಬಾರದು. ‘ಬೈ ಮೈ ಕಾರ್’ ಅಲ್ಲ, ‘ಇನ್ ಮೈ ಕಾರ್’. ‘ಬೈ ದ ಬಸ್’ ಎಂದರೆ ಬಸ್ಸಿನ ಪಕ್ಕದಲ್ಲಿ ಎಂದಾಗುತ್ತದೆ.

ಮರದಿಂದ ಮಾಡಿದ ಮೇಜು ‘ಮೇಡ್ ಆಫ್ ವುಡ್’, ಏಕೆಂದರೆ ಮರ ಮರವಾಗಿಯೇ ಕಾಣುತ್ತದೆ. ಕಾಗದ ‘ಮೇಡ್ ಫ್ರಮ್ ವುಡ್’, ಏಕೆಂದರೆ ಮರದ ರೂಪವೇ ಹೋಗಿದೆ. ಮರದಿಂದ ಬಿದ್ದರೆ ‘ಫ್ರಮ್ ದ ಟ್ರೀ’. ಮೇಲೆ ಹೇಳಿದ ‘ಸಿನ್ಸ್’, ‘ಫಾರ್’ ಸೇರಿದರೆ ನಮ್ಮ ಒಂದು ‘ಇಂದ’ಕ್ಕೆ ಇಲ್ಲಿಗೇ ಆರು ಇಂಗ್ಲಿಷ್ ಪದಗಳಾದವು.

ಪ್ರಶ್ನೆ: ‘ಅಗ್ರೀ ವಿತ್’, ‘ಅಗ್ರೀ ಟು’, ‘ಅಗ್ರೀ ಆನ್’ – ವ್ಯತ್ಯಾಸವೇನು?

ವ್ಯಕ್ತಿಯ ಜೊತೆ ಅಥವಾ ಅವರ ಅಭಿಪ್ರಾಯದ ಜೊತೆ ‘ವಿತ್’. ಮುಂದಿಟ್ಟ ಪ್ರಸ್ತಾಪಕ್ಕೆ ಒಪ್ಪಿಗೆ ಕೊಡುವುದು ‘ಟು’. ಇಬ್ಬರೂ ಸೇರಿ ಒಂದು ತೀರ್ಮಾನಕ್ಕೆ ಬರುವುದು ‘ಆನ್’. ಹಾಗಾಗಿ ‘ಐ ಅಗ್ರೀ ವಿತ್ ಯು, ಬಟ್ ಐ ಕೆನಾಟ್ ಅಗ್ರೀ ಟು ದ ಪ್ರಪೋಸಲ್’ ಎಂದು ಹೇಳಲು ಸಾಧ್ಯ.

ವ್ಯಕ್ತಿಗೊಂದು, ವಿಷಯಕ್ಕೊಂದು ಎಂಬ ಈ ಹಂಚಿಕೆ ಬೇರೆ ಕಡೆಯೂ ಇದೆ: ‘ಅಪಾಲಜೈಸ್ ಟು’ ವ್ಯಕ್ತಿ, ‘ಫಾರ್’ ತಪ್ಪು. ‘ಕಂಪ್ಲೇನ್ ಟು’ ವ್ಯಕ್ತಿ, ‘ಅಬೌಟ್’ ತೊಂದರೆ. ‘ಅಪ್ಲೈ ಟು’ ಸಂಸ್ಥೆ, ‘ಫಾರ್’ ಹುದ್ದೆ. ‘ಕಂಗ್ರ್ಯಾಚುಲೇಟ್’ ವ್ಯಕ್ತಿಯನ್ನು ನೇರವಾಗಿ ಹಿಡಿದು ಸಾಧನೆಗೆ ‘ಆನ್’ ಹಚ್ಚುತ್ತದೆ.

ಪ್ರಶ್ನೆ: ‘ಡಿಫರೆಂಟ್ ಫ್ರಮ್’ ಸರಿಯೋ ‘ಡಿಫರೆಂಟ್ ಟು’ ಸರಿಯೋ?

‘ಫ್ರಮ್’ ಬರೆಯಿರಿ, ಅದನ್ನು ಯಾರೂ ತಿದ್ದುವುದಿಲ್ಲ. ‘ಟು’ ಬ್ರಿಟಿಷ್ ಬಳಕೆಯಲ್ಲಿ, ‘ದ್ಯಾನ್’ ಅಮೆರಿಕನ್ ಬಳಕೆಯಲ್ಲಿ ಉಂಟು. ಆದರೆ ‘ಸುಪೀರಿಯರ್’, ‘ಇನ್ಫೀರಿಯರ್’, ‘ಸೀನಿಯರ್’, ‘ಜೂನಿಯರ್’, ‘ಪ್ರಯರ್’ ಎಂಬ ಲ್ಯಾಟಿನ್ ಮೂಲದ ಪದಗಳಿಗೆ ‘ಟು’ ಮಾತ್ರ. ‘ಪ್ರಿಫರ್’ಗೂ ಅಷ್ಟೇ: ‘ಐ ಪ್ರಿಫರ್ ಇಮೇಲ್ ಟು ಫೋನ್’.

ಪ್ರಶ್ನೆ: ವಾಕ್ಯದ ಕೊನೆಗೆ ಪ್ರೆಪೊಸಿಷನ್ ಬರಬಾರದು ಎನ್ನುತ್ತಾರೆ. ನಿಜವೇ?

ನಿಜವಲ್ಲ. ಕವಿ ಜಾನ್ ಡ್ರೈಡನ್ 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್ ಬರಹದಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದ. ಲ್ಯಾಟಿನ್ ವಾಕ್ಯಕ್ರಮವನ್ನು ಮಾದರಿಯೆಂದು ನಂಬಿದ ಪಂಡಿತರ ಕೈಯಲ್ಲಿ ಮುಂದೆ ಅದು ನಿಯಮದಂತೆ ಬೆಳೆಯಿತು. ಇಂಗ್ಲಿಷಿನ ಜಾಯಮಾನಕ್ಕೆ ಅದು ಎಂದೂ ಹೊಂದಿರಲಿಲ್ಲ. ‘ದಿಸ್ ಈಸ್ ದ ಫೈಲ್ ಐ ವಾಸ್ ಲುಕಿಂಗ್ ಫಾರ್’ ಶುದ್ಧ ಇಂಗ್ಲಿಷ್. ತೀರ ಔಪಚಾರಿಕ ಬರಹದಲ್ಲಿ ‘ಫಾರ್ ವಿಚ್’ ಎಂದು ಮುಂದಕ್ಕೆ ತರಬಹುದು. ಮುಂದೆಯೂ ಹಾಕಿ ಹಿಂದೆಯೂ ಉಳಿಸಿ ‘ದ ಫೈಲ್ ಫಾರ್ ವಿಚ್ ಐ ವಾಸ್ ಲುಕಿಂಗ್ ಫಾರ್’ ಎಂದು ಬರೆಯುವುದು ಮಾತ್ರ ತಪ್ಪು.

ಕನ್ನಡಿಗರಿಗೆ ಇಲ್ಲಿ ಇನ್ನೂ ದೊಡ್ಡ ತೊಡಕಿದೆ. ‘ನಾನು ಮನೆಯಲ್ಲಿ ಇದ್ದೇನೆ’ ಎಂಬಲ್ಲಿರುವ ‘ಅಲ್ಲಿ’, ‘ನಾನು ಇರುವ ಮನೆ’ ಎಂದಾಗ ಕಣ್ಮರೆಯಾಗುತ್ತದೆ. ‘ಪೆನ್ನಿನಿಂದ ಬರೆಯುತ್ತೇನೆ’ ಎಂಬಲ್ಲಿರುವ ‘ಇಂದ’, ‘ನಾನು ಬರೆಯುವ ಪೆನ್ನು’ ಎಂದಾಗ ಇಲ್ಲ. ಇಂಗ್ಲಿಷ್ ಅದನ್ನು ಬಿಟ್ಟುಕೊಡುವುದಿಲ್ಲ: ‘ದ ಹೌಸ್ ಐ ಲಿವ್ ಇನ್’, ‘ದ ಪೆನ್ ಐ ರೈಟ್ ವಿತ್’. ಆ ಕೊನೆಯ ಪದ ಬಿಟ್ಟುಹೋಗುವುದನ್ನು ಬಹಳ ಚೆನ್ನಾಗಿ ಇಂಗ್ಲಿಷ್ ಬಲ್ಲವರ ಬರಹದಲ್ಲೂ ಕಾಣಬಹುದು. ವಾಕ್ಯವನ್ನು ನೇರ ಮಾಡಿ ನೋಡಿಕೊಳ್ಳಿ: ‘ಐ ಲಿವ್ ಇನ್ ದ ಹೌಸ್’ ಎಂಬಲ್ಲಿ ‘ಇನ್’ ಇದೆಯಲ್ಲ, ತಿರುಗಿಸಿದಾಗಲೂ ಅದು ಉಳಿಯಬೇಕು.

ಪ್ರಶ್ನೆ: ‘ರೆಸ್ಪೆಕ್ಟ್ ಆ್ಯಂಡ್ ಫೇತ್ ಇನ್ ಹರ್’ ಎಂದು ಬರೆದರೆ ಸರಿಯೇ?

ಒಂದು ಪದ ಕಳೆದಿದೆ. ‘ಫೇತ್’ಗೆ ‘ಇನ್’ ಹೊಂದುತ್ತದೆ, ‘ರೆಸ್ಪೆಕ್ಟ್’ಗೆ ‘ಫಾರ್’ ಬೇಕು: ‘ರೆಸ್ಪೆಕ್ಟ್ ಫಾರ್ ಆ್ಯಂಡ್ ಫೇತ್ ಇನ್ ಹರ್’. ಎರಡು ಪದಗಳಿಗೂ ಒಂದೇ ಪ್ರೆಪೊಸಿಷನ್ ಹೊಂದಿದರೆ ಮಾತ್ರ ಒಮ್ಮೆ ಬರೆದರೆ ಸಾಕು.

ಪ್ರಶ್ನೆ: ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ? ಕಂಪ್ಯೂಟರಿನ ವ್ಯಾಕರಣ ತಿದ್ದುಗ ಸಾಲದೇ?

ತಿದ್ದುಗ ‘ಡಿಸ್ಕಸ್ ಅಬೌಟ್’ನಂಥದ್ದನ್ನು ಹಿಡಿಯುತ್ತದೆ. ‘ಬೈ 20’ ಬರೆಯಬೇಕಾದ ಕಡೆ ‘ಟು 20’ ಎಂದಿದ್ದರೆ, ‘ವಿದಿನ್ ತ್ರೀ ಡೇಸ್’ ಬದಲು ‘ಇನ್ ತ್ರೀ ಡೇಸ್’ ಎಂದಿದ್ದರೆ, ಎರಡೂ ಸರಿಯಾದ ಇಂಗ್ಲಿಷ್ ಆದ್ದರಿಂದ ಅದಕ್ಕೆ ಅನುಮಾನ ಬರುವುದು ಕಷ್ಟ. ನೀವು ಏನು ಹೇಳಹೊರಟಿದ್ದಿರಿ ಎಂಬುದು ನಿಮಗಷ್ಟೇ ಗೊತ್ತು.

ನಿಘಂಟಿನಲ್ಲಿ ಪ್ರೆಪೊಸಿಷನ್ ಹುಡುಕಬೇಡಿ. ‘ಆನ್’ ಎಂದು ತೆರೆದರೆ ಹತ್ತಾರು ಅರ್ಥಗಳ ನಡುವೆ ಕಳೆದುಹೋಗುತ್ತೀರಿ. ಅದರ ಜೊತೆಗಾರ ಪದವನ್ನು, ಅಂದರೆ ‘ಡಿಪೆಂಡ್’, ‘ರೆಸ್ಪಾನ್ಸಿಬಲ್’, ‘ರೀಸನ್’ ಎಂಬುದನ್ನು ಹುಡುಕಿ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟುಗಳಲ್ಲಿ ಯಾವ ಪ್ರೆಪೊಸಿಷನ್ ಬರುತ್ತದೆಂದು ಪಕ್ಕದಲ್ಲೇ, ಉದಾಹರಣೆ ಸಮೇತ ಕೊಟ್ಟಿರುತ್ತಾರೆ. ಟಿಪ್ಪಣಿ ಪುಸ್ತಕದಲ್ಲಿ ‘ಡಿಪೆಂಡ್’ ಎಂದು ಒಂಟಿಯಾಗಿ ಬರೆಯದೆ, ಅರ್ಥವನ್ನೂ ಬರೆಯದೆ, ನಿಮ್ಮ ಕೆಲಸಕ್ಕೆ ಬರುವ ಒಂದು ತುಂಡು ವಾಕ್ಯ ಬರೆದುಕೊಳ್ಳಿ: ‘ಡಿಪೆಂಡ್ಸ್ ಆನ್ ದ ವೆದರ್’, ‘ರೆಸ್ಪಾನ್ಸಿಬಲ್ ಫಾರ್ ದ ಅಕೌಂಟ್ಸ್’, ‘ದ ರೀಸನ್ ಫಾರ್ ದ ಡಿಲೇ’.

ಬರೆದದ್ದನ್ನು ತಿದ್ದುವಾಗ ಎಲ್ಲವನ್ನೂ ಒಟ್ಟಿಗೆ ನೋಡಲು ಹೋಗಬೇಡಿ. ಒಂದು ಸುತ್ತು ತಾರೀಕು, ಗಂಟೆ, ಗಡುವು ಇರುವ ಜಾಗಗಳನ್ನಷ್ಟೇ ನೋಡಿ. ಇನ್ನೊಂದು ಸುತ್ತು ಅಂಕಿಗಳಿರುವ ಜಾಗ. ಮೂರನೆಯದರಲ್ಲಿ ಪ್ರತಿ ‘ಟು’ ಮೇಲೂ ಬೆರಳಿಟ್ಟು ‘ಇಟ್’ ಪರೀಕ್ಷೆ ಮಾಡಿ. ಒಂದು ಪುಟದ ಪತ್ರಕ್ಕೆ ಇದೆಲ್ಲ ಐದು ನಿಮಿಷದ ಕೆಲಸ.

ಪ್ರಶ್ನೆ: ‘ಆನ್ ನೆಕ್ಸ್ಟ್ ಮಂಡೇ’ ಎನ್ನಬಹುದೇ? ಹಾಗೆಯೇ ‘ಇನ್ ಟೈಮ್’, ‘ಆನ್ ಟೈಮ್’ ಎರಡೂ ಒಂದೇನಾ?

‘ನೆಕ್ಸ್ಟ್’, ‘ಲಾಸ್ಟ್’, ‘ದಿಸ್’, ‘ಎವ್ರಿ’ ಬಂದರೆ ಕಾಲಸೂಚಕದ ಮುಂದೆ ‘ಆನ್’, ‘ಇನ್’, ‘ಅಟ್’ ಯಾವುದೂ ಬೇಡ: ‘ವಿ ವಿಲ್ ಮೀಟ್ ನೆಕ್ಸ್ಟ್ ಮಂಡೇ’. ‘ಆನ್ ಟೈಮ್’ ಎಂದರೆ ಗೊತ್ತುಮಾಡಿದ ಗಂಟೆಗೆ ಸರಿಯಾಗಿ. ‘ಇನ್ ಟೈಮ್’ ಎಂದರೆ ಹೊತ್ತು ಮೀರುವ ಮುಂಚೆ. ಹತ್ತಕ್ಕೆ ಹೊರಡುವ ರೈಲು ಹತ್ತಕ್ಕೇ ಹೊರಟರೆ ರೈಲು ‘ಆನ್ ಟೈಮ್’, ಒಂಬತ್ತು ಐವತ್ತಕ್ಕೆ ನಿಲ್ದಾಣ ಸೇರಿದ ನೀವು ‘ಇನ್ ಟೈಮ್ ಫಾರ್ ದ ಟ್ರೇನ್’.